ತೊಳೆದ ಕೊಳೆ ಎಲ್ಲಿಗೆ ಹೋಯಿತು?

ಕಿಲುಬು ಹಿಡಿದ ತಾಮ್ರದ ಕೊಡವನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೊಳಪು ಬರುತ್ತದೆಂಬ ಸಂಗತಿ, ರಸಾಯನಶಾಸ್ತ್ರವೆಂಬ ಹೆಸರು ಈ ನಾಡಿಗೆ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಅಡಿಗೆಮನೆಗಳಿಗೆ ಗೊತ್ತಿತ್ತು. ಹುಳಿ ಕಿಲುಬನ್ನು ಕರಗಿಸುತ್ತದೆ. ಕರಗಿದ್ದು ನೀರಿನೊಡನೆ ಬಚ್ಚಲಿಗೆ ಹೋಗುತ್ತದೆ. ಕೊಡ ಬೆಳಗಿತು, ಕೆಲಸ ಮುಗಿಯಿತು. ಬಚ್ಚಲಿನಿಂದಾಚೆಗೆ ಆ ಕಿಲುಬು ಏನಾಯಿತೆಂದು ಯಾರೂ ವಿಚಾರಿಸುವುದಿಲ್ಲ. ವಿಚಾರಿಸಬೇಕಾದ ಅಗತ್ಯವೂ ಇಲ್ಲ. ಆದರೆ ಅದನ್ನು ವಿಚಾರಿಸಲೇಬೇಕಾದಂಥ ಒಂದು ಪಾತ್ರೆ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಹುಟ್ಟಿಕೊಂಡಿತು. ಪರಮಾಣು ರಿಯಾಕ್ಟರು ಮತ್ತು ಅದನ್ನು ತಣಿಸುವ ನೀರು ಓಡಾಡುವ ಮೈಲುಗಟ್ಟಲೆ ಕೊಳವೆಗಳೇ ಆ ಪಾತ್ರೆ.

ನಾನು ರಸಾಯನಶಾಸ್ತ್ರಜ್ಞನಲ್ಲ, ಇಂಜಿನಿಯರನೂ ಅಲ್ಲ. ಯಂತ್ರಗಳ ಚರಿತ್ರೆಯನ್ನು ಓದುವ ಗೀಳು ಹತ್ತಿಸಿಕೊಂಡವನು. ಅಣುಶಕ್ತಿಯ ಚರಿತ್ರೆಯೆಂದರೆ ನಮ್ಮ ನೆನಪಿಗೆ ಬರುವುದು 1979ರ ತ್ರೀ ಮೈಲ್ ಐಲೆಂಡ್, 1986ರ ಚೆರ್ನೋಬಿಲ್, 2011ರ ಫುಕುಶಿಮಾ. ಇವುಗಳ ಕಥೆಯನ್ನು ಹೇಳುವವರು ಬೇಕಾದಷ್ಟು ಜನರಿದ್ದಾರೆ. ಇವುಗಳ ನೆರಳಿನಲ್ಲಿ ಮರೆಯಾಗಿರುವ ಒಂದು ಸಣ್ಣ ಕಥೆ ನನ್ನನ್ನು ಬಹಳ ದಿನದಿಂದ ಹಿಡಿದುಕೊಂಡಿದೆ. ಅದು ರಿಯಾಕ್ಟರನ್ನು ತೊಳೆಯುವ ಕಥೆ. ಕೆಡುವುದರಿಂದ ಆಗುವ ಅಪಾಯ ಎಲ್ಲರಿಗೂ ಕಾಣುತ್ತದೆ. ಶುದ್ಧಿ ಮಾಡಲು ಹೊರಟಾಗ ಆಗುವ ಅಪಾಯ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಈ ಕಥೆಯಲ್ಲಿ ಎರಡು ಊರುಗಳು ಬರುತ್ತವೆ. ಒಂದು ಅಮೆರಿಕದ ಇಲಿನಾಯ್ ಸಂಸ್ಥಾನದ ಡ್ರೆಸ್‌ಡನ್. ಇನ್ನೊಂದು ಹಂಗೆರಿಯ ಪಾಕ್ಷ್. ಮೊದಲನೆಯ ಕಡೆ ತೊಳೆಯುವ ಮುನ್ನ ಆರು ವರ್ಷ ಕಳೆಯಿತು. ಎರಡನೆಯ ಕಡೆ ಅವಸರದಲ್ಲಿ ತೊಳೆದರು. ಎರಡರ ಫಲವೂ ಯಾರೂ ಎಣಿಸಿದಂತೆ ಆಗಲಿಲ್ಲ.

ಕೊಳೆ ಹುಟ್ಟುವ ಬಗೆ

ರಿಯಾಕ್ಟರಿನಲ್ಲಿ ಕೊಳೆ ಎಲ್ಲಿಂದ ಬರುತ್ತದೆ? ಯುರೇನಿಯಂ ಇಂಧನ ಲೋಹದ ಕೊಳವೆಗಳೊಳಗೆ ಭದ್ರವಾಗಿ ಮುಚ್ಚಿರುತ್ತದೆ. ಅದರ ಸುತ್ತ ಹರಿಯುವ ನೀರು ಅತ್ಯಂತ ಶುದ್ಧವಾದದ್ದು; ನಮ್ಮ ಆಸ್ಪತ್ರೆಗಳಲ್ಲಿ ಬಳಸುವ ಬಟ್ಟಿ ಇಳಿಸಿದ ನೀರನ್ನೂ ನಾಚಿಸುವಂಥದು. ಆದರೂ ಆ ನೀರಿಗೆ ಮುನ್ನೂರು ಡಿಗ್ರಿಯ ಹತ್ತಿರ ಹತ್ತಿರ ಶಾಖ. ಅದು ಹಗಲಿರುಳೂ ಉಕ್ಕನ್ನು ಸವರಿಕೊಂಡೇ ಓಡುತ್ತಿರುತ್ತದೆ. ಎಂಥ ತುಕ್ಕು ಹಿಡಿಯದ ಉಕ್ಕೇ ಆಗಲಿ, ಕಣ್ಣಿಗೆ ಕಾಣದಷ್ಟು ಸವೆಯುತ್ತದೆ. ಈ ಸವೆತದಲ್ಲಿ ಕಬ್ಬಿಣ, ನಿಕ್ಕಲ್, ಕ್ರೋಮಿಯಂಗಳ ಜೊತೆಗೆ ಚೂರುಪಾರು ಕೋಬಾಲ್ಟೂ ಇರುತ್ತದೆ. ಕವಾಟಗಳು ಬೇಗ ಸವೆಯಬಾರದೆಂದು ಅವುಗಳ ಬಾಯಿಗೆ ಬಳಿಯುವ ಗಟ್ಟಿಯಾದ ಮಿಶ್ರಲೋಹದಲ್ಲಿ ಕೋಬಾಲ್ಟು ಹೆಚ್ಚು.

ಈ ಕಣಗಳು ನೀರಿನೊಡನೆ ತೇಲಿ ರಿಯಾಕ್ಟರಿನ ಒಡಲಿಗೆ ಬರುತ್ತವೆ, ಇಂಧನದ ಮೈಮೇಲೆ ಕೆಲವು ಕಾಲ ಕುಳಿತುಕೊಳ್ಳುತ್ತವೆ. ಅಲ್ಲಿ ನ್ಯೂಟ್ರಾನುಗಳ ಮಳೆ. ಸಾಧು ಸ್ವಭಾವದ ಕೋಬಾಲ್ಟು-59 ಒಂದು ನ್ಯೂಟ್ರಾನನ್ನು ನುಂಗಿ ಕೋಬಾಲ್ಟು-60 ಆಗುತ್ತದೆ. ತೀಕ್ಷ್ಣವಾದ ಗಾಮಾ ಕಿರಣಗಳನ್ನು ಸೂಸತೊಡಗುತ್ತದೆ. ಕ್ಯಾನ್ಸರ್ ರೋಗಿಗಳ ಚಿಕಿತ್ಸೆಗೆ ಆಸ್ಪತ್ರೆಗಳು ಬಳಸಿದ ಕೋಬಾಲ್ಟು ಇದೇ. ಹೀಗೆ ರೂಪಾಂತರ ಹೊಂದಿದ ಕಣ ಮತ್ತೆ ನೀರಿನ ಜೊತೆ ಹೊರಟು, ದೂರದ ಯಾವುದೋ ಕೊಳವೆಯ ಒಳಗೋಡೆಯ ತುಕ್ಕಿನ ಪದರದಲ್ಲಿ ಸೇರಿಕೊಂಡು ಬಿಡುತ್ತದೆ. ಅದರ ಅರ್ಧಾಯು ಐದೂಕಾಲು ವರ್ಷ. ಸಾವಿರದಲ್ಲಿ ಒಂದು ಪಾಲಿಗೆ ಇಳಿಯಬೇಕಾದರೆ ಐವತ್ತು ವರ್ಷಕ್ಕೂ ಹೆಚ್ಚು ಕಾಯಬೇಕು.

ಆದ್ದರಿಂದ ರಿಯಾಕ್ಟರನ್ನು ನಿಲ್ಲಿಸಿ, ಇಂಧನವನ್ನು ಹೊರಗೆ ತೆಗೆದರೂ ಕೊಳವೆಗಳು ಸುಮ್ಮನಿರುವುದಿಲ್ಲ. ಅವುಗಳ ಪಕ್ಕದಲ್ಲಿ ನಿಂತು ಕೆಲಸ ಮಾಡುವವನ ಮೈಯನ್ನು ಕಿರಣಗಳು ಹಾಯುತ್ತಲೇ ಇರುತ್ತವೆ. ಆ ಕೆಲಸ ಮಾಡುವವನು ಯಾರು? ಬೆಸುಗೆ ಹಾಕುವವನು, ಕವಾಟ ಬಿಚ್ಚುವ ಫಿಟ್ಟರು, ಬಿರುಕು ಹುಡುಕುವ ಪರೀಕ್ಷಕ. ಒಬ್ಬ ಮನುಷ್ಯ ಒಂದು ವರ್ಷದಲ್ಲಿ ಇಷ್ಟು ವಿಕಿರಣಕ್ಕಿಂತ ಹೆಚ್ಚು ಹೊರಬಾರದೆಂದು ಪ್ರತಿಯೊಂದು ದೇಶದಲ್ಲಿಯೂ ಕಟ್ಟಳೆಯಿದೆ. ನಮ್ಮಲ್ಲಿ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್. ಯಾವ ಒಂದು ವರ್ಷದಲ್ಲಿಯೂ 30ನ್ನು ಮೀರುವಂತಿಲ್ಲ. ಕೊಳವೆ ತೀರ ಕೊಳೆಯಾಗಿದ್ದರೆ ಒಬ್ಬ ಬೆಸುಗೆಗಾರ ಕೆಲವೇ ನಿಮಿಷ ಕೆಲಸ ಮಾಡಿ ಹೊರಗೆ ಬರಬೇಕು. ಇನ್ನೊಬ್ಬ ಒಳಗೆ ಹೋಗಬೇಕು. ಅವನ ಹಿಂದೆ ಮತ್ತೊಬ್ಬ. ಕಟ್ಟಳೆಯೇನೋ ಪಾಲನೆಯಾಗುತ್ತದೆ. ಆದರೆ ಹೊರೆ ಹಂಚಿಹೋಯಿತೇ ಹೊರತು ಕಡಮೆಯಾಗಲಿಲ್ಲ. ಅಮೆರಿಕದಲ್ಲಿ 1975ರ ಜನವರಿಯಲ್ಲಿ ಡ್ರೆಸ್‌ಡನ್ನಿನ ಎರಡನೆಯ ಘಟಕದ ಕೊಳವೆಗಳಲ್ಲಿ ಬಿರುಕು ಕಂಡುಬಂದಾಗ, ಅದೇ ಕುದಿನೀರಿನ ಬಗೆಯ 23 ರಿಯಾಕ್ಟರುಗಳನ್ನು ಪರೀಕ್ಷೆಗಾಗಿ ನಿಲ್ಲಿಸಬೇಕೆಂದು ಆಜ್ಞೆಯಾಯಿತು. ಪರೀಕ್ಷೆ ಮಾಡದಿದ್ದರೆ ಊರಿಗೆ ಅಪಾಯ. ಮಾಡಿದರೆ ಪರೀಕ್ಷಕನ ಮೈಗೆ ಅಪಾಯ. ಕೊಳವೆಯನ್ನೇ ತೊಳೆದುಬಿಟ್ಟರೆ? ಎಂಬ ಪ್ರಶ್ನೆ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ತೊಳೆಯುವ ಮಾತು ಚೊಕ್ಕಟತನದ ಹುಚ್ಚಿನಿಂದ ಬಂದದ್ದಲ್ಲ, ಕೂಲಿಯಾಳಿನ ಮೈಯ ಸಲುವಾಗಿ ಬಂದದ್ದು ಎಂಬುದನ್ನು ನಾವು ಮರೆಯಬಾರದು.

ಹುಳಿಯ ವಿದ್ಯೆ

ತೊಳೆಯುವ ಮದ್ದುಗಳ ಹೆಸರು ಕೇಳಿದರೆ ಓದುಗರಿಗೆ ಆಶ್ಚರ್ಯವಾದೀತು. ಮೊದಲನೆಯದು ಪರ್ಮಾಂಗನೇಟು, ಹಿಂದೆ ಕಾಲರಾ ಬಂದಾಗ ಊರ ಬಾವಿಗೆ ಹಾಕುತ್ತಿದ್ದ ಅದೇ ನೇರಳೆ ಬಣ್ಣದ ಹರಳು. ಎರಡನೆಯದು ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲ. ಮೂರನೆಯದು ಆಕ್ಸಾಲಿಕ್ ಆಮ್ಲ. ಕರಾವಳಿಯ ಹೆಂಗಸರು ಹಿತ್ತಾಳೆ ಬೆಳಗುವ ಬಿಂಬುಳಿ ಕಾಯಿಯ ಹುಳಿ ಇದರದೇ. ಕ್ರೋಮಿಯಂ ಬೆರೆತ ತುಕ್ಕಿನ ಪದರ ಬರಿಯ ಹುಳಿಗೆ ಜಗ್ಗುವುದಿಲ್ಲ. ಪರ್ಮಾಂಗನೇಟಿನ ಕ್ಷಾರದ ನೀರು ಮೊದಲು ಆ ಕ್ರೋಮಿಯಮ್ಮನ್ನು ಕರಗುವ ರೂಪಕ್ಕೆ ತಿರುಗಿಸಿ ಪದರವನ್ನು ಸಡಿಲಗೊಳಿಸುತ್ತದೆ. ಆಮೇಲೆ ಹುಳಿ ಬಂದು ಉಳಿದ ಕಬ್ಬಿಣದ ತುಕ್ಕನ್ನು ಕರಗಿಸುತ್ತದೆ. ಅಮೆರಿಕದ ಮೊದಲ ದೊಡ್ಡ ನಾಗರಿಕ ಅಣುವಿದ್ಯುತ್ ಸ್ಥಾವರವಾದ ಷಿಪಿಂಗ್‌ಪೋರ್ಟನ್ನು 1964ರಲ್ಲಿ, ಮೊದಲ ಇಂಧನವನ್ನು ತೆಗೆದು ಎರಡನೆಯದನ್ನು ಇಡುವ ಸಂದರ್ಭದಲ್ಲಿ, ಹೀಗೆಯೇ ಪರ್ಮಾಂಗನೇಟು ಮತ್ತು ಸಿಟ್ರೇಟುಗಳಿಂದ ತೊಳೆದರು.

ವಿದ್ಯೆ ಸುಲಭವೆಂದು ತೋರುತ್ತದೆ. ಆದರೆ ಇದರ ಕ್ಷೇಮದ ವಿಚಾರ ಎತ್ತಿದೊಡನೆ ಒಂದಲ್ಲ, ಮೂರು ಪ್ರಶ್ನೆಗಳು ಎದುರು ನಿಲ್ಲುತ್ತವೆ. ತುಕ್ಕನ್ನು ತಿನ್ನುವ ಹುಳಿ ಉಕ್ಕನ್ನು ತಿನ್ನದೆ ಬಿಡುತ್ತದೆಯೆ? ಬೆಸುಗೆಯ ಸಂದಿಗಳಲ್ಲಿ, ಬಿರುಕುಗಳ ಮೂಲೆಯಲ್ಲಿ ತೊಟ್ಟು ಮದ್ದು ಉಳಿದುಕೊಂಡರೆ ನಾಳೆ ಏನಾದೀತು? ಕರಗಿ ಬಂದ ವಿಕಿರಣಶೀಲ ಕೋಬಾಲ್ಟನ್ನು ಎಲ್ಲಿ ಇಡಬೇಕು? ಹುಳಿಗೆ ಕೋಬಾಲ್ಟನ್ನು ನಾಶಪಡಿಸುವ ಶಕ್ತಿಯಿಲ್ಲ. ಬೆಂಕಿಗೂ ಇಲ್ಲ, ಯಾವ ಮದ್ದಿಗೂ ಇಲ್ಲ. ಅದನ್ನು ಇಲ್ಲಿಂದ ಎಬ್ಬಿಸಿ ಅಲ್ಲಿ ಕೂರಿಸಬಹುದು, ಅಷ್ಟೆ.

ಡ್ರೆಸ್‌ಡನ್ನಿನ ಆರು ವರ್ಷ

ಷಿಕಾಗೋ ನಗರದ ನೈಋತ್ಯಕ್ಕೆ ಸುಮಾರು ಐವತ್ತು ಮೈಲಿ ದೂರದಲ್ಲಿ, ಎರಡು ನದಿಗಳು ಕೂಡಿ ಇಲಿನಾಯ್ ನದಿಯಾಗುವ ಕಡೆ, ಡ್ರೆಸ್‌ಡನ್ ಸ್ಥಾವರವಿದೆ. ಅಲ್ಲಿಯ ಮೊದಲನೆಯ ಘಟಕ 1960ರಲ್ಲಿ ವಿದ್ಯುತ್ತನ್ನು ಮಾರತೊಡಗಿತು. ಸರಕಾರದ ಹಣವಿಲ್ಲದೆ ಖಾಸಗಿ ಬಂಡವಾಳದಿಂದ ಕಟ್ಟಿದ ಮೊದಲ ದೊಡ್ಡ ಅಣುವಿದ್ಯುತ್ ಸ್ಥಾವರವೆಂದು ಅದಕ್ಕೆ ಹೆಸರು. ಕಟ್ಟಿದವರು ಜನರಲ್ ಎಲೆಕ್ಟ್ರಿಕ್ ಕಂಪೆನಿಯವರು. ನಡೆಸಿದವರು ಕಾಮನ್‌ವೆಲ್ತ್ ಎಡಿಸನ್ ಕಂಪೆನಿಯವರು. ನಮಗೆ ಇದು ತೀರ ಪರಕೀಯವೇನಲ್ಲ. 1969ರಲ್ಲಿ ನಡೆಯತೊಡಗಿದ ತಾರಾಪುರದ ಮೊದಲೆರಡು ರಿಯಾಕ್ಟರುಗಳು ಇದೇ ಕಂಪೆನಿ ಕಟ್ಟಿದ, ಇದೇ ಕುದಿನೀರಿನ ವಂಶದವು.

ಹದಿನೆಂಟು ವರ್ಷ ದುಡಿದ ಮೇಲೆ, 1978ರ ಅಕ್ಟೋಬರ್ 31ರಂದು, ಮೊದಲನೆಯ ಘಟಕವನ್ನು ನಿಲ್ಲಿಸಿದರು. ಹೊಸ ಕಟ್ಟಳೆಗಳ ಪ್ರಕಾರ ಸುರಕ್ಷತೆಯ ಕೆಲವು ಉಪಕರಣಗಳನ್ನು ಕೂಡಿಸಬೇಕಾಗಿತ್ತು, ಕೊಳವೆಗಳನ್ನು ಪರೀಕ್ಷಿಸಬೇಕಾಗಿತ್ತು. ಕೆಲಸಗಾರರು ಅಲ್ಲಿ ನಿಲ್ಲುವಂತಾಗಬೇಕಾದರೆ ಮೊದಲು ತಣಿಸುವ ವ್ಯವಸ್ಥೆಯನ್ನೆಲ್ಲ ತೊಳೆಯಬೇಕು. ಅದಕ್ಕಾಗಿ ಡೌ ಕೆಮಿಕಲ್ ಕಂಪೆನಿ 'ಎನ್.ಎಸ್.-1' ಎಂಬ ದ್ರಾವಣವನ್ನು ಸಿದ್ಧಪಡಿಸಿತ್ತು. ಅದರಲ್ಲಿ ಏನೇನಿದೆಯೆಂಬುದು ವ್ಯಾಪಾರದ ಗುಟ್ಟು.

ತಕರಾರು ಹುಟ್ಟಿದ್ದು ಇಲ್ಲಿ. ಆ ದ್ರಾವಣದಲ್ಲಿ 'ಕೀಲೇಟು'ಗಳೆಂಬ ಪದಾರ್ಥಗಳಿದ್ದವು. ಗ್ರೀಕ್ ಭಾಷೆಯಲ್ಲಿ ಏಡಿಯ ಮುಂಗಾಲಿಗಿರುವ ಮಾತಿನಿಂದ ಈ ಹೆಸರು ಬಂದಿದೆ. ಏಡಿ ತನ್ನ ಇಕ್ಕಳದಂಥ ಕಾಲಿನಿಂದ ಹಿಡಿಯುವಂತೆ ಇವು ಲೋಹದ ಅಣುವನ್ನು ಹಿಡಿದುಕೊಳ್ಳುತ್ತವೆ. ಹಿಡಿದುದನ್ನು ಸುಲಭವಾಗಿ ಬಿಡುವುದಿಲ್ಲ. ಸೀಸದ ವಿಷವೇರಿದವರಿಗೆ ವೈದ್ಯರು ಕೊಡುವ ಇ.ಡಿ.ಟಿ.ಎ. ಎಂಬ ಔಷಧಿ ಈ ಜಾತಿಯದು. ಕೊಳವೆಯ ಗೋಡೆಯಿಂದ ಕೋಬಾಲ್ಟನ್ನು ಕೀಳಲು ಈ ಹಿಡಿತ ಬಹಳ ಅನುಕೂಲ. ಆದರೆ ಅದೇ 1978ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಸಂಶೋಧನ ಲೇಖನ ಪ್ರಕಟವಾಯಿತು. ಓಕ್ ರಿಜ್ ಪ್ರಯೋಗಶಾಲೆಯ ಆವರಣದಲ್ಲಿ, ವಿಕಿರಣಶೀಲ ಕಸವನ್ನು ಸುರಿದಿದ್ದ ಗುಂಡಿ ಕಾಲುವೆಗಳಿಂದ ಕೋಬಾಲ್ಟು-60 ನೆಲದೊಳಗೆ ಹರಿದು ಹೊರಬರುತ್ತಿತ್ತು. ಸಾಮಾನ್ಯವಾಗಿ ಜೇಡಿಮಣ್ಣು ಕೋಬಾಲ್ಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮಣ್ಣಿನ ಆ ಗುಣವನ್ನು ನಂಬಿಯೇ ಗುಂಡಿ ತೋಡಿದ್ದರು. ಆದರೆ ಕಸದ ಜೊತೆಯಲ್ಲಿ ಇ.ಡಿ.ಟಿ.ಎ.ಯೂ ಇತ್ತು. ಇ.ಡಿ.ಟಿ.ಎ.ಯ ಕೈಹಿಡಿದ ಕೋಬಾಲ್ಟು ಮಣ್ಣಿಗೆ ದಕ್ಕದೆ ನೀರಿನೊಡನೆ ನಡೆದುಹೋಗುತ್ತಿತ್ತು. ಆ ಇ.ಡಿ.ಟಿ.ಎ. ಅಲ್ಲಿಗೆ ಬಂದದ್ದಾದರೂ ಹೇಗೆ? ಉಪಕರಣಗಳನ್ನು ತೊಳೆದ ನೀರಿನಲ್ಲಿ!

ಕೊಳೆಯನ್ನು ತೆಗೆಯಲು ಯಾವ ಗುಣ ಬೇಕೋ ಅದೇ ಗುಣ ಕೊಳೆಯನ್ನು ಊರಿಗೆ ಹರಡಲೂ ಸಾಕು ಎಂಬ ಈ ಸಂಗತಿ ಇಲಿನಾಯ್‌ನ ನಾಗರಿಕರ ಕಿವಿಗೆ ಬಿತ್ತು. ತೊಳೆದ ದ್ರಾವಣವನ್ನು ಎಲ್ಲಿ ಹೂಳುತ್ತೀರಿ, ಅದು ಹೂತಲ್ಲೇ ಇರುತ್ತದೆಯೇ ಎಂದು ಅವರು ಕೇಳಿದರು. ಹದಿನೆಂಟು ವರ್ಷದ ಹಳೆಯ ಉಕ್ಕು ಈ ಮದ್ದಿಗೆ ತಡೆದೀತೆ, ಬೆಸುಗೆಗಳ ಬಳಿ ಮತ್ತೆ ಬಿರುಕು ಬಿಟ್ಟೀತೆ ಎಂದೂ ಕೇಳಿದರು. ಅವರ ಒತ್ತಾಯದ ನಂತರ ಅಮೆರಿಕದ ಪರಮಾಣು ನಿಯಂತ್ರಣ ಆಯೋಗ ಈ ಒಂದು ತೊಳೆಯುವ ಕೆಲಸಕ್ಕಾಗಿಯೇ ಪರಿಸರದ ಮೇಲಾಗುವ ಪರಿಣಾಮಗಳ ವಿಸ್ತಾರವಾದ ವರದಿಯನ್ನು ತಯಾರಿಸಿ 1980ರಲ್ಲಿ ಹೊರತಂದಿತು. ಕೆಲಸ ನಡೆಯಬಹುದೆಂದು ಆಯೋಗ ತೀರ್ಮಾನಿಸಿತು. ಆದರೆ ಬಳಸಿದ ದ್ರಾವಣವನ್ನು ಹಾಗೆಯೇ ಸುರಿಯದೆ ಪೀಪಾಯಿಗಳಲ್ಲಿ ಗಟ್ಟಿಯಾಗಿಸಿ, ಮಳೆ ಕಡಮೆಯಿರುವ ಪಶ್ಚಿಮದ ಒಣ ಸೀಮೆಗೆ ಒಯ್ಯಬೇಕೆಂಬುದು ಏರ್ಪಾಡಿನಲ್ಲಿ ಸೇರಿತು.

ಇಷ್ಟರಲ್ಲಿ 1979ರ ಮಾರ್ಚ್ 28ರಂದು ತ್ರೀ ಮೈಲ್ ಐಲೆಂಡಿನ ಅಪಘಾತವಾಗಿತ್ತು. ಎಲ್ಲ ಸ್ಥಾವರಗಳಿಗೂ ಹೊಸ ಕಟ್ಟಳೆಗಳು ಬಂದಿದ್ದವು. ಅವುಗಳಿಗೆಲ್ಲ ಹಳೆಯ ಮೊದಲನೆಯ ಘಟಕವನ್ನು ಒಪ್ಪವಾಗಿಸಬೇಕಾದರೆ ಮೂವತ್ತು ಕೋಟಿ ಡಾಲರುಗಳಿಗೂ ಹೆಚ್ಚು ಖರ್ಚೆಂದು ಲೆಕ್ಕವಾಯಿತು. ಅದರ ವಯಸ್ಸು ಹೆಚ್ಚು, ಶಕ್ತಿ ಕಡಮೆ. ಅಷ್ಟು ಹಣ ಹಾಕುವುದು ತರವಲ್ಲವೆಂದು ಕಂಪೆನಿ ತೀರ್ಮಾನಿಸಿತು. ಕೊಳವೆಗಳನ್ನು ತೊಳೆಯುವ ಕೆಲಸ ಕೊನೆಗೂ ಮುಗಿದದ್ದು 1984ರಲ್ಲಿ. ಅದೇ ವರ್ಷ ಘಟಕಕ್ಕೆ ನಿವೃತ್ತಿಯನ್ನೂ ಘೋಷಿಸಿದರು. ಮತ್ತೆ ಅದು ಒಂದು ದಿನವೂ ನಡೆಯಲಿಲ್ಲ.

ಇದನ್ನು ಓದಿ ನಗುವವರುಂಟು. ಆರು ವರ್ಷ ಚರ್ಚೆ ಮಾಡಿ, ಕೊನೆಗೆ ಹೆಣಕ್ಕೆ ಸ್ನಾನ ಮಾಡಿಸಿದಂತಾಯಿತು ಎಂದು ಹಾಸ್ಯ ಮಾಡಬಹುದು. ನನಗೆ ಹಾಗೆ ತೋರುವುದಿಲ್ಲ. ಘಟಕ ನಿಂತದ್ದು ಲೆಕ್ಕಾಚಾರದ ಕಾರಣದಿಂದ. ಜನ ಪ್ರಶ್ನೆ ಕೇಳಿದ್ದರಿಂದಲ್ಲ. ಅವರ ಪ್ರಶ್ನೆಯಿಂದ ಉಳಿದದ್ದು ಬೇರೆ. ರಿಯಾಕ್ಟರು ತೊಳೆಯುವುದೆಂದರೆ ಕೊಳವೆಯಷ್ಟೇ ಅಲ್ಲ, ಕೊಳವೆಯಿಂದಾಚೆಗಿನ ಪೀಪಾಯಿ, ಪೀಪಾಯಿಯಿಂದಾಚೆಗಿನ ಮಣ್ಣು, ಮಣ್ಣಿನೊಳಗಿನ ನೀರು, ಇವೆಲ್ಲವೂ ಲೆಕ್ಕದಲ್ಲಿ ಬರಬೇಕೆಂಬುದು ಅಲ್ಲಿ ಸ್ಪಷ್ಟವಾಯಿತು.

ತೆಳುವಾದ ಹುಳಿ

ಇದೇ ಕಾಲದಲ್ಲಿ ಕೆನಡಾದವರು ಬೇರೊಂದು ದಾರಿ ಹಿಡಿದರು. ಅವರ ರಿಯಾಕ್ಟರುಗಳನ್ನು ತಣಿಸುವುದು ಭಾರಜಲ. ಅದರ ಬೆಲೆ ಬಹಳ. ಅದನ್ನು ಚೆಲ್ಲಿ ಬೇರೆ ನೀರು ತುಂಬಿ ತೊಳೆಯುವ ಮಾತೇ ಇಲ್ಲ. ಆದ್ದರಿಂದ ಭಾರಜಲಕ್ಕೇ ಸಾವಿರಕ್ಕೆ ಒಂದು ಪಾಲಿನಂತೆ ಸ್ವಲ್ಪ ಮದ್ದು ಬೆರೆಸಿ ಕೊಳವೆಗಳಲ್ಲಿ ತಿರುಗಿಸಿದರು. ಕರಗಿ ಬಂದ ಲೋಹವನ್ನು ರಾಳದ ಹರಳುಗಳ ಮೇಲೆ ಹಾಯಿಸಿ ಹಿಡಿದರು. ರಾಳ ಲೋಹವನ್ನು ಇಟ್ಟುಕೊಂಡು ಮದ್ದನ್ನು ಹಿಂದಕ್ಕೆ ಬಿಡುತ್ತದೆ. ಆ ಮದ್ದು ಮತ್ತೆ ಹೋಗಿ ಲೋಹವನ್ನು ತರುತ್ತದೆ. ಕೆಲಸ ಮುಗಿದ ಮೇಲೆ ಮದ್ದೂ ರಾಳದಲ್ಲಿಯೇ ಉಳಿಯುವಂತೆ ಮಾಡಿ ನೀರನ್ನು ಶುದ್ಧವಾಗಿ ಹಿಂದಕ್ಕೆ ಪಡೆಯಬಹುದು. ಕೊಡಗಟ್ಟಲೆ ದ್ರಾವಣವಿಲ್ಲ, ಉಳಿಯುವುದು ಗಟ್ಟಿಯಾದ ಸ್ವಲ್ಪ ರಾಳ.

ನಮ್ಮ ದೇಶದ ಹೆಚ್ಚಿನ ಅಣುಸ್ಥಾವರಗಳು ಈ ಭಾರಜಲದ ವಂಶಕ್ಕೆ ಸೇರಿದವು. ಭಾಭಾ ಪರಮಾಣು ಸಂಶೋಧನ ಕೇಂದ್ರಕ್ಕೆ ಸೇರಿದ, ಕಲ್ಪಾಕ್ಕಂನಲ್ಲಿರುವ ನೀರು ಮತ್ತು ಉಗಿಯ ರಸಾಯನ ವಿಭಾಗದವರು ಇಂಥ ತೆಳು ದ್ರಾವಣದ ವಿಧಾನವನ್ನು ಬೆಳೆಸಿ ಮದ್ರಾಸ್ ಮತ್ತು ರಾಜಸ್ಥಾನ ಸ್ಥಾವರಗಳಲ್ಲಿ ಬಳಕೆಗೆ ತಂದರು. ಅವರ ಮದ್ದಿನಲ್ಲಿ ಸಿಟ್ರಿಕ್ ಆಮ್ಲದ ಜೊತೆಗೆ ಆಸ್ಕಾರ್ಬಿಕ್ ಆಮ್ಲವೂ ಇದೆ. ನೆಲ್ಲಿಕಾಯಿಯಲ್ಲಿರುವ ಸಿ ಜೀವಸತ್ವವೇ ಅದು. ಕೀಲೇಟೂ ಅದರಲ್ಲಿ ಇದೆ. ಆದಕಾರಣ ಓಕ್ ರಿಜ್‌ನ ಗುಂಡಿಯ ಪಾಠ ನಮಗೂ ಸಲ್ಲುತ್ತದೆ. ಮದ್ದು ತೆಳುವಾದರೂ ಹಿಡಿದ ಕೋಬಾಲ್ಟು ತೆಳುವಾಗುವುದಿಲ್ಲ. ಅದೆಲ್ಲವೂ ರಾಳದ ಪೀಪಾಯಿಯಲ್ಲಿ ಕುಳಿತಿರುತ್ತದೆ.

ಪಾಕ್ಷ್‌ನ ರಾತ್ರಿ

ಈಗ ಎರಡನೆಯ ಊರಿಗೆ ಬರೋಣ. ಬುಡಾಪೆಸ್ಟ್ ನಗರದಿಂದ ದಕ್ಷಿಣಕ್ಕೆ ಸುಮಾರು ನೂರು ಕಿಲೋಮೀಟರ್, ಡ್ಯಾನ್ಯೂಬ್ ನದಿಯ ದಡದಲ್ಲಿ ಪಾಕ್ಷ್ ಇದೆ. ಸೋವಿಯತ್ ಮಾದರಿಯ ನಾಲ್ಕು ರಿಯಾಕ್ಟರುಗಳು ಅಲ್ಲಿ 1982ರಿಂದ 1987ರ ವರೆಗೆ ಒಂದೊಂದಾಗಿ ನಡೆಯತೊಡಗಿದವು. ಹಂಗೆರಿಯ ವಿದ್ಯುತ್ತಿನಲ್ಲಿ ಬಹು ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ.

1990ರ ದಶಕದಲ್ಲಿ ಅಲ್ಲಿಯ ಉಗಿಯ ಬಾಯ್ಲರುಗಳೊಳಗಿನ ಕೆಲವು ಕೊಳವೆಗಳು ಸವೆದಿರುವುದು ಕಂಡುಬಂತು, ಬದಲಾಯಿಸಬೇಕಾಯಿತು. ಬಾಯ್ಲರಿನೊಳಗೆ ಆಳುಗಳು ಇಳಿದು ಕೆಲಸ ಮಾಡಬೇಕು. ಅವರ ಮೈಯನ್ನು ಕಾಪಾಡಲು 1996ರಿಂದ 2001ರ ವರೆಗೆ ಮೊದಲ ಮೂರು ಘಟಕಗಳ ಹಲವು ಬಾಯ್ಲರುಗಳನ್ನು ಪರ್ಮಾಂಗನೇಟು, ಸಿಟ್ರಿಕ್, ಆಕ್ಸಾಲಿಕ್ ಆಮ್ಲಗಳಿಂದ ತೊಳೆದರು. ತೊಳೆದ ಉದ್ದೇಶ ನೆರವೇರಿತು. ಆಳುಗಳ ಮೇಲಿನ ವಿಕಿರಣದ ಹೊರೆ ಇಳಿಯಿತು. ಇಲ್ಲಿಯವರೆಗೆ ಯಾರನ್ನೂ ತಪ್ಪೆನ್ನುವಂತಿಲ್ಲ.

ಆದರೆ ತುಕ್ಕಿನ ಪದರವೆಂದರೆ ಬರಿಯ ಕೊಳೆಯಲ್ಲ; ಅದು ಉಕ್ಕಿಗೆ ಚರ್ಮವೂ ಹೌದು. ಒಳಗಿನ ಲೋಹ ಮತ್ತಷ್ಟು ಸವೆಯದಂತೆ ತಡೆಯುವುದು ಅದೇ. ಹುಳಿ ಆ ಚರ್ಮವನ್ನು ಸುಲಿದಿತ್ತು. ಹೊಸ ಚರ್ಮ ಗಟ್ಟಿಯಾಗಿ ಬೆಳೆಯುವುದಕ್ಕೆ ಮೊದಲೇ ಬಿಸಿನೀರು ಹರಿಯಿತು. ಸಡಿಲವಾದ ಕಬ್ಬಿಣದ ತುಕ್ಕು ನೀರಿನೊಡನೆ ಹೊರಟು ರಿಯಾಕ್ಟರಿನ ಇಂಧನದ ಮೈಮೇಲೆ ಕೂತಿತು. ಬಾಯ್ಲರಿನ ಕೊಳೆ ಇಂಧನಕ್ಕೆ ಬಂತು. ಇಂಧನದ ಕಂತೆಗಳ ನಡುವೆ ನೀರು ಸರಿಯಾಗಿ ಹರಿಯದಾಯಿತು; ರಿಯಾಕ್ಟರಿನ ಶಕ್ತಿಯನ್ನು ತಗ್ಗಿಸಬೇಕಾಯಿತು. ಈಗ ಇಂಧನವನ್ನೇ ತೊಳೆಯಬೇಕು!

2000 ಮತ್ತು 2001ರಲ್ಲಿ ಏಳು ಕಂತೆ ಹಿಡಿಸುವ ಒಂದು ತೊಟ್ಟಿಯಲ್ಲಿ 170 ಕಂತೆಗಳನ್ನು ತೊಳೆದರು. ಏನೂ ತೊಂದರೆಯಾಗಲಿಲ್ಲ. ಆದರೆ ಕೆಲಸ ನಿಧಾನ. 2003ರಲ್ಲಿ ಮೂವತ್ತು ಕಂತೆ ಹಿಡಿಸುವ ಹೊಸ ತೊಟ್ಟಿ ಬಂತು, ಫ್ರಾಮಟೋಮ್ ಎ.ಎನ್.ಪಿ. ಎಂಬ ಕಂಪೆನಿ ಅದನ್ನು ಮಾಡಿಕೊಟ್ಟಿತು. ಎರಡನೆಯ ಘಟಕದ ರಿಯಾಕ್ಟರಿನ ಪಕ್ಕದ ಗುಂಡಿಯಲ್ಲಿ, ನೀರಿನ ಆಳದಲ್ಲಿ ಅದನ್ನು ಇಟ್ಟರು. ಐದು ಸಲ ತೊಳೆದರು; ಐದೂ ಸಲ ಸುಗಮವಾಗಿ ನಡೆಯಿತು.

ಆರನೆಯ ಸಲದ ಕೆಲಸ ಮುಗಿದದ್ದು ಏಪ್ರಿಲ್ 10ರ ಸಾಯಂಕಾಲ. ತೊಟ್ಟಿಯ ಮುಚ್ಚಳ ತೆಗೆಯಬೇಕು. ತೆಗೆಯುವ ಕ್ರೇನು ಬೇರೆ ಕೆಲಸದಲ್ಲಿತ್ತು. ಸರಿ, ಅದು ಬರುವವರೆಗೆ ಕಾಯೋಣ ಎಂದುಕೊಂಡರು. ಬಳಸಿ ತೆಗೆದ ಇಂಧನ ರಿಯಾಕ್ಟರಿನ ಹೊರಗಿದ್ದರೂ ಬಿಸಿ ಹುಟ್ಟಿಸುತ್ತಲೇ ಇರುತ್ತದೆ, ಅದನ್ನು ತಣಿಸುತ್ತಿರಬೇಕು. ಮುಖ್ಯ ಪಂಪು ನಿಂತಿತ್ತು, ಒಂದು ಸಣ್ಣ ಪಂಪು ನಡೆಯುತ್ತಿತ್ತು. ತೊಟ್ಟಿಗೆ ನೀರು ಬರುವ ದಾರಿ ಕೆಳಗೆ, ಹೋಗುವ ದಾರಿಯೂ ಕೆಳಗೆ. ಕಂತೆಗಳ ಬುಡದಲ್ಲಿ ತೂತುಗಳಿದ್ದವು. ಸಣ್ಣ ಪಂಪಿನ ಮೆಲ್ಲನೆಯ ನೀರು ಮೇಲಕ್ಕೆ ಏರುವ ಶ್ರಮ ತೆಗೆದುಕೊಳ್ಳದೆ ಆ ತೂತುಗಳ ಮೂಲಕ ನುಸುಳಿ ಕೆಳಗಿನಿಂದಲೇ ಹೊರಟುಹೋಯಿತು. ಮೇಲಿನ ನೀರು ನಿಂತಲ್ಲೇ ಕಾಯಿತು, ಕುದಿಯಿತು. ಉಗಿ ತುಂಬಿ ನೀರನ್ನು ಕೆಳಕ್ಕೆ ತಳ್ಳಿತು. ಇಂಧನದ ಮೇಲುಭಾಗ ಬೆತ್ತಲಾಯಿತು. ಹೊರಹೋಗುವ ನೀರಿನ ದಾರಿಯಲ್ಲಿದ್ದ ಉಷ್ಣಮಾಪಕ ಮಾತ್ರ ಎಲ್ಲವೂ ಸರಿಯಾಗಿದೆಯೆಂದೇ ತೋರಿಸುತ್ತಿತ್ತು. ಅದು ಸುಳ್ಳು ಹೇಳಲಿಲ್ಲ. ಬುಡದಲ್ಲಿ ಬಂದು ಬುಡದಲ್ಲೇ ಹೋಗುವ ತಣ್ಣೀರಿನ ಸಮಾಚಾರವನ್ನು ಅದು ನಿಜವಾಗಿಯೇ ಹೇಳುತ್ತಿತ್ತು. ತೊಟ್ಟಿಯ ನೆತ್ತಿಯಲ್ಲಿ ಏನಾಗುತ್ತಿದೆಯೆಂದು ಹೇಳುವ ಉಪಕರಣವೊಂದೂ ಅಲ್ಲಿರಲಿಲ್ಲ.

ರಾತ್ರಿ ಹತ್ತರ ಸುಮಾರಿಗೆ ವಿಕಿರಣದ ಎಚ್ಚರಿಕೆ ಮೊಳಗಿತು. ರಿಯಾಕ್ಟರಿನ ಸಭಾಂಗಣದಿಂದ ಜನರನ್ನು ಹೊರಗೆ ಕಳುಹಿಸಿದರು. ಮರುದಿನ ಬೆಳಗಿನ ಜಾವ ಎರಡು ಗಂಟೆ ಕಳೆದ ಮೇಲೆ ಮುಚ್ಚಳದ ಬೀಗ ಸಡಿಲಿಸಿದಾಗ ತಣ್ಣೀರು ಒಳನುಗ್ಗಿತು. ಸಾವಿರ ಡಿಗ್ರಿಗೂ ಮೀರಿ ಕಾದಿದ್ದ ಕೊಳವೆಗಳು, ಕಾದ ಗಾಜಿನ ಮೇಲೆ ನೀರು ಬಿದ್ದಂತೆ, ಒಡೆದು ಪುಡಿಯಾದವು. ಮೂವತ್ತು ಕಂತೆಗಳೂ ಹಾಳಾದವು. ದೈವವಶದಿಂದ ಯಾರಿಗೂ ಪೆಟ್ಟಾಗಲಿಲ್ಲ. ಹೊರಗಿನ ಜನರಿಗೆ ತಗಲಿದ ವಿಕಿರಣ ಗಣನೆಗೆ ಬಾರದಷ್ಟು. ಆದರೂ ಅಂತರರಾಷ್ಟ್ರೀಯ ಮಾಪನದಲ್ಲಿ ಮೊದಲು ಎರಡನೆಯ ದರ್ಜೆಯೆಂದು ಕರೆದದ್ದನ್ನು ಒಂದು ವಾರದಲ್ಲಿ ಮೂರನೆಯ ದರ್ಜೆಗೆ ಏರಿಸಬೇಕಾಯಿತು. ಎರಡನೆಯ ಘಟಕ ಮತ್ತೆ ನಡೆದದ್ದು 2004ರಲ್ಲಿ. ಚೂರುಗಳನ್ನು ಒಂದೊಂದಾಗಿ ಎತ್ತಿ ಡಬ್ಬಗಳಲ್ಲಿ ತುಂಬುವ ಕೆಲಸ 2007ರ ವರೆಗೆ ಹಿಡಿಯಿತು. ಆ ಡಬ್ಬಗಳು ರಷ್ಯಾಕ್ಕೆ ಹೋದದ್ದು 2014ರಲ್ಲಿ.

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಜ್ಞರು ಹಂಗೆರಿಯ ಆಮಂತ್ರಣದ ಮೇಲೆ 2003ರಲ್ಲಿ ಬಂದು ವಿಚಾರಿಸಿದರು. ಸ್ಥಾವರದವರೂ ನಿಯಂತ್ರಕರೂ ಈ ತೊಟ್ಟಿಯಿಂದ ಆಗಬಹುದಾದ ಅಪಾಯವನ್ನು ಕಡಮೆಯಾಗಿ ಅಂದಾಜು ಮಾಡಿದರು, ಆದ್ದರಿಂದ ಅದರ ಪರಿಶೀಲನೆ ಬಿಗಿಯಾಗಲಿಲ್ಲ, ಕಂಟ್ರಾಕ್ಟುದಾರರ ಮೇಲಿನ ಭರವಸೆ ಅತಿಯಾಯಿತು ಎಂಬುದು ಅವರ ಅಭಿಪ್ರಾಯದ ಸಾರ. ಏಳು ಕಂತೆಗಳ ಅನುಭವದಿಂದ ಮೂವತ್ತಕ್ಕೆ ಜಿಗಿದಾಗ ಅದು ದೊಡ್ಡ ತೊಟ್ಟಿ ಮಾತ್ರವೆಂದು ಎಲ್ಲರಿಗೂ ತೋರಿತು. ಬೇರೆಯದೇ ಯಂತ್ರವೆಂದು ತೋರಲಿಲ್ಲ.

ಎರಡು ಊರುಗಳ ಪಾಠ

ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಮುಖ್ಯವಾಗಿ ತೋರುವುದು ಇದು: ರಿಯಾಕ್ಟರನ್ನು ಹುಳಿಯಿಂದ ತೊಳೆಯುವುದು ಅಪಾಯವೇ ಎಂದು ಕೇಳಿದರೆ ಹೌದೆಂದಾಗಲಿ ಅಲ್ಲವೆಂದಾಗಲಿ ಉತ್ತರವಿಲ್ಲ. ಲೋಕದಲ್ಲಿ ಅನೇಕ ಸ್ಥಾವರಗಳನ್ನು ತೊಳೆದಿದ್ದಾರೆ, ಅದರಿಂದ ಎಷ್ಟೋ ಆಳುಗಳ ಮೈ ಉಳಿದಿದೆ. ಪಾಕ್ಷ್‌ನಲ್ಲಿ ಕೆಟ್ಟದ್ದು ಹುಳಿಯಿಂದ ನೇರವಾಗಿ ಅಲ್ಲ. ಬಾಯ್ಲರು ತೊಳೆದವರು ಬಾಯ್ಲರಿನ ಲೆಕ್ಕ ಮಾಡಿದರು. ಇಂಧನದ ಲೆಕ್ಕ ಮಾಡಲಿಲ್ಲ. ಇಂಧನ ತೊಳೆದವರು ಹುಳಿಯ ಲೆಕ್ಕ ಮಾಡಿದರು. ಹುಳಿಯ ಕೆಲಸ ಮುಗಿದ ಮೇಲೆ ಕ್ರೇನಿಗಾಗಿ ಕಾಯುವ ಹೊತ್ತಿನ ಲೆಕ್ಕ ಮಾಡಲಿಲ್ಲ. ಪ್ರತಿಯೊಬ್ಬನೂ ತನ್ನ ಪಾಲಿನ ಕೊಳೆಯನ್ನು ಚೆನ್ನಾಗಿಯೇ ತೊಳೆದ; ಅದು ಮುಂದಿನವನ ಅಂಗಳಕ್ಕೆ ಹೋಗಿ ಬಿತ್ತು. ಡ್ರೆಸ್‌ಡನ್ನಿನಲ್ಲಿ ಕೆಲಸಕ್ಕೆ ಸೇರದ ಹೊರಗಿನ ಜನ ಬಂದು ಆ ಮುಂದಿನ ಅಂಗಳದ ಪ್ರಶ್ನೆಯನ್ನು ಕೇಳಿದರು. ಅವರು ತಜ್ಞರಲ್ಲ; ಆದರೆ ಅಂಗಳ ಅವರದು.

ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಭಾರಜಲದ ರಿಯಾಕ್ಟರುಗಳಿವೆ. ಅವುಗಳಲ್ಲಿ ಮೊದಲನೆಯದು 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರ ವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ಜಗತ್ತಿನ ದಾಖಲೆಯನ್ನು ಮಾಡಿತು. ಪತ್ರಿಕೆಗಳಲ್ಲಿ ಆ ಸಂಖ್ಯೆ ದೊಡ್ಡ ಅಕ್ಷರಗಳಲ್ಲಿ ಬಂತು. ಹೆಮ್ಮೆಯ ಮಾತೇ ಸರಿ. ಆದರೆ ಎಷ್ಟು ದಿನ ನಡೆದ ಯಂತ್ರವಾದರೂ ಒಂದು ದಿನ ನಿಲ್ಲಲೇಬೇಕು. ನಿಂತ ಮೇಲೆ ಯಾರಾದರೂ ಕೊಳವೆಯ ಹತ್ತಿರ ಹೋಗಲೇಬೇಕು. ಆ ಹೋಗುವವನ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಅವನಿಗಾಗಿ ಕೊಳವೆಯನ್ನು ತೊಳೆಯಬೇಕಾಗಿ ಬಂದಾಗ, ಹುಳಿ ಎಷ್ಟು, ರಾಳ ಎಷ್ಟು, ಪೀಪಾಯಿ ಎಲ್ಲಿ, ಅದು ಎಷ್ಟು ವರ್ಷ ಅಲ್ಲಿರಬೇಕು ಎಂಬುದನ್ನು ಕೇಳುವ ಹಕ್ಕು ಕಾಳಿ ನದಿಯ ನೀರು ಕುಡಿಯುವವರಿಗೂ, ಆ ವಿದ್ಯುತ್ತಿನಲ್ಲಿ ದೀಪ ಹಚ್ಚಿಕೊಂಡು ಭಾನುವಾರದ ಪತ್ರಿಕೆ ಓದುವ ನಮಗೂ ಇದೆ. ಕೇಳಿದರೆ ಕೆಲಸ ಸ್ವಲ್ಪ ತಡವಾದೀತು. ಆ ತಡವನ್ನು ನಾವು ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.